ಸಹಾಯ ಬೇಕು: ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಕ್ಯಾಮೆರಾ ಕಾಣ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆಯ ಕ್ಯಾಮೆರಾ ರೆಕಾರ್ಡರ್ ವೈಫೈಯಲ್ಲಿ ಚೆನ್ನಾಗಿ ಬರುತ್ತದೆ. ಮೊಬೈಲ್ ಡೇಟಾ ಹಾಕಿದ ತಕ್ಷಣ ಸುಮ್ನೆ ಸುತ್ತುತ್ತಾ ಇರುತ್ತದೆ.

ರೆಕಾರ್ಡರ್‌ಗೆ 192.168.0.50 ಅಂತ ಐಪಿ ರಿಸರ್ವ್ ಮಾಡಿ, ರೂಟರ್‌ನಲ್ಲಿ 8000 ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ (ಹೊರಗಿನಿಂದ ಆ ಪೋರ್ಟ್‌ಗೆ ಬಂದದ್ದನ್ನು ರೂಟರ್ ರೆಕಾರ್ಡರ್‌ಗೆ ಕಳಿಸಲಿ ಅಂತ). ಸ್ವಲ್ಪ ಹೊತ್ತು ಫೈರ್‌ವಾಲ್ ಆಫ್ ಮಾಡಿಯೂ ನೋಡಿದೆ. ಪೋರ್ಟ್ ಚೆಕ್ ಮಾಡಿದರೆ ‘ಕ್ಲೋಸ್ಡ್’ ಅಂತಲೇ ಬರುತ್ತದೆ.

ಆಮೇಲೆ ರೂಟರ್‌ನ ಸ್ಟೇಟಸ್ ಪುಟ ತೆಗೆದೆ. ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, 192.168.1.2 ಅಂತಿದೆ; ಅದು ಮನೆಯೊಳಗಿನ ನೆಟ್‌ವರ್ಕ್‌ಗೆ ಬಳಸುವ ಐಪಿ. ಅಂದರೆ ಇಂಟರ್ನೆಟ್ ಕಂಪನಿಯ ಫೈಬರ್ ಮೋಡೆಮ್ ಕೂಡ ರೂಟರ್ ಕೆಲಸ ಮಾಡುತ್ತಿದೆ, ಡಬಲ್ ನ್ಯಾಟ್ (ಎರಡು ಕಡೆ ಐಪಿ ವಿಳಾಸ ಬದಲಾಗುವುದು) ಅಲ್ವಾ? ಮೋಡೆಮ್ ಒಳಗೆ ಹೋಗಿ ನೋಡಿದರೆ ಇನ್ನೂ ತಲೆಬಿಸಿ. ಅದರ ವ್ಯಾನ್ ಐಪಿ 100.72 ಅಂತ ಶುರುವಾಗುತ್ತದೆ. 100.64ರಿಂದ 100.127ರವರೆಗಿನದು ಸಿಜಿನ್ಯಾಟ್‌ಗೆ ಮೀಸಲು, ಅಂದರೆ ಹತ್ತಾರು ಮನೆಗೆ ಒಂದೇ ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರ ತಲುಪುವ ವಿಳಾಸ) ಹಂಚುವ ವ್ಯವಸ್ಥೆ.

ಕಸ್ಟಮರ್ ಕೇರ್‌ನವರು ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ (ಅದು ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವಂತೆ) ಹಾಕಿ ಅಂತಾರೆ. (ಅದಕ್ಕಿಂತ ಜಾಸ್ತಿ ಕೇಳಿದರೆ ರೀಸ್ಟಾರ್ಟ್ ಮಾಡಿ ಅಂತಾರೆ!) ಆದರೆ ಬ್ರಿಡ್ಜ್ ಮಾಡಿದರೆ ಡಬಲ್ ನ್ಯಾಟ್ ಹೋಗಬಹುದು, ನನ್ನ ರೂಟರ್‌ಗೆ ಬರುವುದು ಅದೇ 100ರ ಐಪಿ ತಾನೇ? ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಗೊತ್ತಿರುವವರು ದಯವಿಟ್ಟು ಹೇಳಿ: ಪಬ್ಲಿಕ್ ಐಪಿ ತಗೊಳ್ಳದೆ ಬರೀ ಬ್ರಿಡ್ಜ್ ಮೋಡ್‌ನಿಂದ ಪೋರ್ಟ್ ತೆರೆಯುತ್ತದಾ? ಇಲ್ಲವಾದರೆ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಆನ್ ಮಾಡಿ ಆ ದಾರಿಯಲ್ಲಿ ರೆಕಾರ್ಡರ್ ನೋಡಿದವರು ಯಾರಾದರೂ ಇದ್ದೀರಾ?