ಕೇಬಲ್ ಬದಲಿಸಿದ ಮೇಲೆ ಬೇಸ್ ಬಂತು, ₹18,000 ಕೊಡಬೇಕಾ?

ಪ್ರಶ್ನೆ:
ಹಳೇ ಸ್ಟೀರಿಯೊ ಆಂಪ್ (ಆಂಪ್ಲಿಫೈಯರ್), 8 ಓಮ್‌ನ ಎರಡು ಬುಕ್‌ಶೆಲ್ಫ್ ಸ್ಪೀಕರ್. ಮನೆ ಬದಲಿಸಿದಾಗಿನಿಂದ ಬೇಸ್, ಅಂದರೆ ತಗ್ಗಿನ ಸ್ವರ, ಸತ್ತೇ ಹೋಗಿತ್ತು. ತಬಲಾ ಹಾಕಿದರೆ ಡಗ್ಗಾ ಟಿನ್ ಡಬ್ಬಿ ಬಡಿದ ಹಾಗೆ. ಹಾಡುವವರು ಎಲ್ಲಿ ಕೂತಿದ್ದಾರೋ ಗೊತ್ತಾಗಲ್ಲ, ದನಿ ಗೋಡೆ ತುಂಬ ಹರಡಿಕೊಂಡಿರುತ್ತೆ. ಆಂಪ್‌ನಿಂದ ಸ್ಪೀಕರ್‌ಗೆ ಹೋಗೋ ವೈರ್ ಎಲೆಕ್ಟ್ರಿಕಲ್ ಅಂಗಡಿಯದ್ದು, 1 ಸ್ಕ್ವೇರ್ ಎಂಎಂ, ಒಂದೊಂದು ಕಡೆಗೆ 5 ಮೀಟರ್. ಆಡಿಯೊ ಅಂಗಡಿಯವರು ಹಾಕಿ ನೋಡಿ ಅಂತ ಒಂದು ವಾರಕ್ಕೆ ₹18,000ದ ಕೇಬಲ್ ಕೊಟ್ಟರು. ಹಾಕಿದೆ, ಬೇಸ್ ವಾಪಸ್! ಸೋಮವಾರದೊಳಗೆ ದುಡ್ಡು ಕೊಡಬೇಕು, ಇಲ್ಲ ಕೇಬಲ್ ಕೊಡಬೇಕು. ನನ್ನ ಕಿವಿಯೇ ಕೇಳಿದ್ದನ್ನ ಹೇಗೆ ಇಲ್ಲ ಅನ್ನಲಿ?

ಉತ್ತರ 1:
ಬೇಸ್ ಬಂದಿರೋದು ನಿಜವೇ ಇರಬೇಕು ಸಾರ್. ಅದನ್ನ ತಂದಿದ್ದು ಕೇಬಲ್ಲಾ ಅನ್ನೋದೇ ನನ್ನ ಗುಮಾನಿ. ಬೇಸ್ ಇಲ್ಲ, ದನಿ ಮಧ್ಯದಲ್ಲಿ ನಿಲ್ಲಲ್ಲ, ಎರಡೂ ಒಟ್ಟಿಗೆ ಅಂದರೆ ಸಾಮಾನ್ಯವಾಗಿ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿರುತ್ತೆ. ಒಂದು ಸ್ಪೀಕರ್‌ನ ಕೋನ್ (ಅದುರೋ ಬಟ್ಟಲಿನಂಥ ಭಾಗ) ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ, ತಗ್ಗಿನ ಸ್ವರಗಳು ಗಾಳಿಯಲ್ಲೇ ಒಂದನ್ನೊಂದು ತಿಂದುಹಾಕುತ್ತವೆ. ದುಬಾರಿ ಕೇಬಲ್‌ಗೆ ಕೆಂಪು, ಕಪ್ಪು ಪ್ಲಗ್ ಇರುತ್ತೆ, ತಪ್ಪೋದು ಕಷ್ಟ. ನಿಮ್ಮ ವೈರ್‌ನ ಎರಡೂ ಕೋರ್ (ಒಳಗಿನ ಎರಡು ತಂತಿ) ಒಂದೇ ಬಣ್ಣದ್ದಾ?

1 ಸ್ಕ್ವೇರ್ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಹತ್ತಿರ ಹತ್ತಿರ 19.5 ಓಮ್ ತಡೆ. ಹೋಗಿ ಬರೋದು ಸೇರಿ 10 ಮೀಟರ್, ಅಂದರೆ 0.2 ಓಮ್. 8 ಓಮ್ ಸ್ಪೀಕರ್‌ಗೆ ಕಳೆದುಹೋಗೋದು ಬರೀ 0.2 ಡೆಸಿಬೆಲ್. ಅಷ್ಟಕ್ಕೆಲ್ಲ ಡಗ್ಗಾ ಸಾಯಲ್ಲ.

ಆಂಪ್ ಆಫ್ ಮಾಡಿ, ಹಳೇ ವೈರ್ ಮೊದಲಿನ ಹಾಗೇ ಹಾಕಿ, ಆಂಪ್ ಕಡೆ ತುದಿ ಮಾತ್ರ ಬಿಚ್ಚಿ. ಕೆಂಪು ಟರ್ಮಿನಲ್‌ಗೆ ಹೋಗ್ತಿದ್ದ ಕೋರ್‌ಗೆ 1.5 ವೋಲ್ಟ್ ಸೆಲ್‌ನ ಪ್ಲಸ್, ಇನ್ನೊಂದಕ್ಕೆ ಮೈನಸ್, ಒಂದು ಕ್ಷಣ ಮುಟ್ಟಿಸಿ. ಗ್ರಿಲ್ ತೆಗೆದು ದೊಡ್ಡ ಕೋನ್ ನೋಡ್ತಿರಿ. ಎರಡೂ ಕಡೆ ಒಂದೇ ದಿಕ್ಕಿಗೆ ಜಿಗಿಯಬೇಕು.

ಉತ್ತರ 2:
ಲೆಕ್ಕ ಸರಿ. ಆದರೆ ನಮ್ಮನೇಲಿ ಬೆಳ್ಳಿ ಲೇಪದ ಕೇಬಲ್ ಹಾಕಿದಾಗ ಮೇಲಿನ ಸ್ವರ ಎಷ್ಟು ಬಿಚ್ಚಿಕೊಂಡಿತು ಗೊತ್ತಾ? ಎಲ್ಲಾನೂ ಮೀಟರ್ ಹೇಳಲ್ಲ.

ಉತ್ತರ 1:
ನಾನೂ ಹಾಗೇ ಆಣೆ ಮಾಡ್ತಿದ್ದೆ. ಒಂದು ಭಾನುವಾರ ನಾನು ಬೆನ್ನು ಹಾಕಿ ಕೂತೆ, ಮನೆಯವಳು ನಾಣ್ಯ ಚಿಮ್ಮಿ ಚಿಮ್ಮಿ ಕೇಬಲ್ ಬದಲಿಸಿದಳು. ಹತ್ತರಲ್ಲಿ ಐದು ಸರಿ ಹೇಳಿದೆ. ಆ ಕೇಬಲ್ ದುಡ್ಡಿನ ಮಾತು ಈಗಲೂ ಊಟಕ್ಕೆ ಕೂತಾಗ ಬರುತ್ತೆ. ಹಾಂ, 4 ಓಮ್ ಸ್ಪೀಕರ್, 15 ಮೀಟರ್ ದೂರ ಅಂದರೆ ದಪ್ಪ ವೈರ್ ಬೇಕೇ ಬೇಕು, 2.5 ಅಥವಾ 4 ಸ್ಕ್ವೇರ್ ಎಂಎಂ. ಅದೂ ಎಲೆಕ್ಟ್ರಿಕಲ್ ಅಂಗಡೀಲೇ ಸಿಗುತ್ತೆ.

ಪ್ರಶ್ನೆ ಕೇಳಿದವರು:
ಸೆಲ್ ಮುಟ್ಟಿಸಿದೆ. ಎಡಗಡೆ ಕೋನ್ ಟಪ್ ಅಂತ ಹೊರಗೆ, ಬಲಗಡೇದು ಒಳಗೆ! ವೈರ್ ಪಾರದರ್ಶಕದ್ದು, ಎರಡೂ ಕೋರ್ ತಾಮ್ರದ ಬಣ್ಣವೇ. ಒಂದರ ಮೇಲೆ ಉಗುರಿಗೆ ಸಿಗೋವಂಥ ಸಣ್ಣ ಗೆರೆ ಇದೆ, ಸಾಮಾನು ಇಳಿಸೋ ಗಡಿಬಿಡೀಲಿ ಯಾರು ನೋಡಿದರು? ತಿರುಗಿಸಿ ಹಾಕಿದೆ, ಡಗ್ಗಾ ಬಂತು. ಬಲಗಡೆ ಮಾತ್ರ ಆಗಾಗ ಕರಕರ, ವೈರ್ ಅಲುಗಿಸಿದರೆ ನಿಲ್ಲುತ್ತೆ.

ಉತ್ತರ 1:
ತುದಿ ಕಪ್ಪಾಗಿರಬೇಕು. ಒಂದಿಂಚು ಕತ್ತರಿಸಿ, ಹೊಸದಾಗಿ ಸಿಪ್ಪೆ ಸುಲಿದು, ಬಿಗಿಯಾಗಿ ಹೊಸೆದು ಹಾಕಿ. ಒಂದೇ ಒಂದು ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಬಾರದು, ಶಾರ್ಟ್ ಆದರೆ ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಪ್ರಶ್ನೆ ಕೇಳಿದವರು:
ಕಾಡಿಗೆ ಹಾಗೆ ಕಪ್ಪಿತ್ತು. ಕತ್ತರಿಸಿ ಹಾಕಿದೆ, ಕರಕರ ಇಲ್ಲ. ಕೇಬಲ್ ಡಬ್ಬಿಗೆ ಸೇರಿಸಿಟ್ಟಿದ್ದೀನಿ. ಅಂಗಡಿಯವರ ಮುಖ ನೋಡಿ ಏನು ಹೇಳೋದು ಅನ್ನೋದೇ ಈಗ ಚಿಂತೆ.