ಕಬ್ಬನ್ ಪಾರ್ಕ್: ಮೊಣಕಾಲು ನೋವಿನ ಅವ್ವ, ಆರು ವರ್ಷದ ಹುಡುಗ. ಎಲ್ಲಿಂದ ಶುರು ಮಾಡ್ಲಿ?

ಹುಬ್ಬಳ್ಳಿಯವ:
ಬರೋ ರವಿವಾರ ಅವ್ವನ್ನ, ಅಕ್ಕನ ಮಗನ್ನ ಕರ್ಕೊಂಡು ಬೆಂಗಳೂರಿಗೆ ಬರಾಕತ್ತೀನ್ರಿ. ಮುಂಜಾನೆ ಮೆಜೆಸ್ಟಿಕ್‌ನ್ಯಾಗ ಇಳಿತೀವಿ, ಸಂಜಿಗೆ ವಾಪಸ್ ಬಸ್. ನಡುವಿನ ಹೊತ್ತು ಕಬ್ಬನ್ ಪಾರ್ಕಿನ್ಯಾಗ ಕಳೀಬೇಕಂತ ಐತಿ. ಅವ್ವಗ ಮೊಣಕಾಲು ನೋವು, ಸ್ವಲ್ಪ ನಡದ್ರ ಕೂಡಬೇಕು. ಹುಡುಗಗ ಬರೀ ಗಿಡ ತೋರಿಸಿದ್ರ ಹತ್ತು ನಿಮಿಷದಾಗ ಬ್ಯಾಸರ. ರೊಟ್ಟಿ ಬುತ್ತಿ ಕಟ್ಕೊಂಡು ಬರ್ತೀವಿ.

ಬೆಳಗಿನ ವಾಕಿಂಗ್:
ಮೂವತ್ತು ವರ್ಷದಿಂದ ಅಲ್ಲೇ ನಡೀತಿದ್ದೀನಿ, ನನ್ನ ಮಾತು ಕೇಳಿ. ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್‌ನಲ್ಲಿ ಇಳೀಬೇಡಿ. ಮೆಜೆಸ್ಟಿಕ್‌ನಿಂದ ನೇರಳೆ ಲೈನ್ ಹತ್ತಿ, ಎರಡನೇದೇ ವಿಧಾನಸೌಧ. ಮೇಲೆ ಬಂದರೆ ಎದುರಿಗೆ ಕೆಂಪು ಅಠಾರಾ ಕಚೇರಿ, ಈಗಿನ ಹೈಕೋರ್ಟು. ಹದಿನೆಂಟು ಇಲಾಖೆ ಇದ್ದವಂತೆ, ಅದಕ್ಕೆ ಆ ಹೆಸರು. ಅದರ ಬೆನ್ನಿಗೇ ಪಾರ್ಕು. ಶೇಷಾದ್ರಿ ಅಯ್ಯರ್ ಹಾಲ್ ಮುಂದೆ ಬೆಂಚುಗಳಿವೆ, ಅಮ್ಮನನ್ನು ಅಲ್ಲಿ ಕೂರಿಸಿ. ಆಮೇಲೆ ಬಿದಿರು ಮೆಳೆ. ಗಾಳಿ ಬಂದಾಗ ಬಿದಿರು ಬಿದಿರಿಗೆ ತಿಕ್ಕಿ ಕಿರ್ರ್ ಅನ್ನೋ ಸದ್ದು, ಹಳೇ ಬಾಗಿಲು ತೆಗೆದ ಹಾಗೆ. ಹುಡುಗನಿಗೆ ಕೇಳಿಸಿ.

1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಮಾಡಿಸಿದಾಗ ಇದು ಮೀಡ್ಸ್ ಪಾರ್ಕ್. 1927ರಿಂದ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಎಲ್ಲಿಗೆ ಕರ್ಕೊಂಡು ಹೋಗ್ತಾರೋ!

ಬುತ್ತಿ ಮಾತ್ರ ಹುಲ್ಲಿನ ಮೇಲೆ ಬಿಚ್ಚಬೇಡಿ. ನಾನೊಮ್ಮೆ ಚಿತ್ರಾನ್ನದ ಡಬ್ಬಿ ತೆಗೆದು ಸೀಟಿ ಊದಿಸಿಕೊಂಡಿದ್ದೇನೆ. ತಪ್ಪು ನಂದೇ, ಬೋರ್ಡ್ ಪಕ್ಕದಲ್ಲೇ ಕೂತಿದ್ದೆ.

ಇಬ್ಬರ ಅಮ್ಮ:
ಅಂಕಲ್, ಬಿದಿರಿನ ಸದ್ದಿಗೆಲ್ಲ ಆರು ವರ್ಷದವರು ನಿಲ್ಲಲ್ಲ! ಮೊದಲು ಬಾಲಭವನ, ಪುಟಾಣಿ ರೈಲು. ಅದು ಕಬ್ಬನ್ ಪಾರ್ಕ್ ಸ್ಟೇಷನ್ ಕಡೆಗೇ ಹತ್ತಿರ. ರೈಲು ಓಡ್ತಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನನ್ನ ಚಿಕ್ಕವಳು ಬೋಗಿಯಿಂದ ಇಳಿಯಲ್ಲ ಅಂತ ಕಂಬಿ ಹಿಡಿದು ಕೂತು, ಹಿಂದಿದ್ದವರೆಲ್ಲ ಕಾಯಬೇಕಾಯ್ತು. ಭಾನುವಾರ ಒಳಗಿನ ರಸ್ತೆಗೆ ಗಾಡಿ ಬಿಡಲ್ಲ, ಹುಡುಗ ಓಡಲಿ ಬಿಡಿ.

ಬೆಳಗಿನ ವಾಕಿಂಗ್:
ಸರಿ ತಾಯಿ, ಸೋತೆ. ಆದರೆ ಕಸ್ತೂರಬಾ ರಸ್ತೆ ಕಡೆ ಮ್ಯೂಸಿಯಂ ತೆರೆದಿದ್ದರೆ ಆತಕೂರು ಶಾಸನ ಬಿಡಬೇಡಿ. 10ನೇ ಶತಮಾನದ್ದು. ಮಣಲೇರ ಅನ್ನೋ ವೀರ ರಾಜನ ಹತ್ತಿರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಅನ್ನೋ ನಾಯಿಯನ್ನ. ಅದು ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ತವು. ಕಲ್ಲಿನ ಮೇಲೆ ಆ ಜಗಳ ಕೆತ್ತಿದ್ದಾರೆ.

ಹುಬ್ಬಳ್ಳಿಯವ:
ನಾಯಿ ಕತಿ ಈಗ ಹೇಳಿದೆ ನೋಡ್ರಿ, ರೈಲು ಮರೆತು ‘ಕಾಳಿ ಎಲ್ಲೈತಿ’ ಅಂತ ಗಂಟು ಬಿದ್ದಾನ. ಮ್ಯೂಸಿಯಂ ಬಾಗಿಲಿಗೆ ಮೆಟ್ಟಿಲು ಎಷ್ಟದಾವ್ರಿ? ಅವ್ವ ಕೇಳಾಕತ್ತಾಳ.