ಟ್ರಾವೆಲರ್ ಕ್ಯಾಂಪರ್‌ಗೆ ಡ್ಯಾಶ್‌ಕ್ಯಾಮ್: ಯಾವ ಬ್ಯಾಟರಿಯಿಂದ ಲೈನ್ ಎಳೆಸಲಿ?

ಬನಶಂಕರಿ_ಗಾಡಿಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಫೋರ್ಸ್ ಟ್ರಾವೆಲರ್. ಸೀಟುಗಳನ್ನು ತೆಗೆಸಿ ಮಂಚ, ಸಣ್ಣ ಅಡುಗೆ ಕಟ್ಟೆ, ಸಿಂಕು ಎಲ್ಲ ಮಾಡಿಸಿದ್ದೇವೆ. ಓಡಿಸುವುದು ಹೆಚ್ಚಾಗಿ ನಾನೇ. ನಮ್ಮನೆಯವರು ಪಕ್ಕದಲ್ಲಿ ಕೂತು ದಾರಿ ನೋಡುತ್ತಾರೆ.

ಮೊನ್ನೆ ಸಿಲ್ಕ್ ಬೋರ್ಡ್ ಹತ್ತಿರ ಒಂದು ಸ್ಕೂಟರ್ ಎಡಗಡೆಯಿಂದ ನುಗ್ಗಿ ಕನ್ನಡಿಗೆ ತಾಗಿತು. ಹುಡುಗ ಬೀಳಲಿಲ್ಲ, ದೇವರು ದೊಡ್ಡವನು. ಆದರೆ ಕ್ಷಣದಲ್ಲಿ ಜನ ಸೇರಿದರು, ದೊಡ್ಡ ಗಾಡಿಯದ್ದೇ ತಪ್ಪು ಅಂತ ತೀರ್ಮಾನವೂ ಆಯಿತು. ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವತ್ತೇ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆಯನ್ನು ರೆಕಾರ್ಡ್ ಮಾಡೋ ಕ್ಯಾಮೆರಾ ಹಾಕಿಸಬೇಕು ಅಂತ ನಿರ್ಧಾರ ಮಾಡಿದೆ.

ಜೆ.ಸಿ. ರಸ್ತೆಯ ಅಂಗಡಿಯವರು ಲೈಟರ್ ಸಾಕೆಟ್‌ಗೆ ಚುಚ್ಚಿದರೆ ಮುಗೀತು ಅನ್ನುತ್ತಾರೆ. ನನಗೆ ನಾವು ಒಳಗೆ ಮಲಗಿದ್ದಾಗಲೂ ಅದು ಕೆಲಸ ಮಾಡಬೇಕು. ಇಂಜಿನ್ ಬ್ಯಾಟರಿ ಮಾಮೂಲಿ ಆಸಿಡ್‌ನದು. ಒಳಗಿನ ಲೈಟು, ಫ್ರಿಜ್‌ಗೆ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬೇರೆ ಇದೆ. ಯಾವುದರಿಂದ ಕೊಡಿಸಲಿ? ಹಿಂದಿನ ಗಾಜಿಗೆ ಮಂಚದ ಹಲಗೆ ಅಡ್ಡ ಇದೆ, ಹಿಂದಿನ ಕ್ಯಾಮೆರಾ ಎಲ್ಲಿಡಲಿ?

ರಾಜಾಜಿನಗರ_ರೈಡ್

ಹಗಲಿಗೆ ಮಾತ್ರ ಆದರೆ ಲೈಟರ್ ಸಾಕೆಟ್ ಸಾಕು ಮೇಡಂ. ಕೀ ತೆಗೆದ ಮೇಲೂ ಸಾಕೆಟ್‌ನಲ್ಲಿ ಕರೆಂಟ್ ಇರುತ್ತಾ ಅಂತ ಮೊದಲು ನೋಡಿ.

ಕಲಾಸಿಪಾಳ್ಯ_ವೈರಿಂಗ್

ಅಕ್ಕ, ನಾನು ಇದೇ ಕೆಲಸದವನು. ನೀವು ಕೇಳಿದ್ದಕ್ಕೆ ಹಾರ್ಡ್‌ವೈರ್ ಕಿಟ್ (ಕ್ಯಾಮೆರಾಗೆ ಸಾಕೆಟ್ ಬದಲು ಗಾಡಿಯ ವೈರಿಂಗ್‌ನಿಂದಲೇ ಕರೆಂಟ್ ಕೊಡೋ ಸೆಟ್) ಬೇಕು, ಕ್ಯಾಮೆರಾ ಕಂಪನಿಯದ್ದೇ ತಗೊಳ್ಳಿ. ಮೂರು ವೈರ್ ಬರುತ್ತೆ. ಸಾಮಾನ್ಯವಾಗಿ ಹಳದಿ ಯಾವಾಗಲೂ ಕರೆಂಟ್ ಇರೋ ಕಡೆಗೆ, ಕೆಂಪು ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ಫ್ಯೂಸ್‌ಗೆ, ಕಪ್ಪು ಬಾಡಿ ಅರ್ತ್‌ಗೆ. ಬಣ್ಣವನ್ನೇ ನಂಬಬೇಡಿ, ಜೊತೆಗೆ ಬರೋ ಚೀಟಿ ನೋಡಿ. ಕೆಂಪಿನಲ್ಲಿ ಕರೆಂಟ್ ನಿಂತರೆ ಕ್ಯಾಮೆರಾ ಪಾರ್ಕಿಂಗ್ ಮೋಡ್‌ಗೆ, ಅಂದರೆ ನಿಂತ ಗಾಡಿಯನ್ನು ಕಾಯೋ ಸ್ಥಿತಿಗೆ ಹೋಗುತ್ತೆ.

ಹಳದಿಯನ್ನು ಒಳಗಿನ ಬ್ಯಾಟರಿಗೇ ಕೊಡಿ. ಕ್ಯಾಮೆರಾ 4 ವ್ಯಾಟ್ ಎಳೆದರೆ 12 ವೋಲ್ಟ್‌ನಲ್ಲಿ ಸುಮಾರು 0.3 ಆಂಪ್. ಹತ್ತು ಗಂಟೆಗೆ 3 ಆಂಪಿಯರ್-ಅವರ್. ನಿಮ್ಮ 100ರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಇಂಜಿನ್ ಬ್ಯಾಟರಿಯಿಂದ ಎಳೆದು ಗಾಡಿಯನ್ನು ದಿನಗಟ್ಟಲೆ ನಿಲ್ಲಿಸಿದರೆ ಸೆಲ್ಫ್ ಹೊಡೆಯಲ್ಲ.

ಆದರೆ ಕಿಟ್‌ನಲ್ಲಿ 11.8, 12.0, 12.4 ವೋಲ್ಟ್ ಅಂತ ಇರೋ ಕಟ್-ಆಫ್ (ಬ್ಯಾಟರಿ ಅಷ್ಟಕ್ಕಿಳಿದರೆ ಕ್ಯಾಮೆರಾಗೆ ಕರೆಂಟ್ ನಿಲ್ಲಿಸೋದು) ಆಸಿಡ್ ಬ್ಯಾಟರಿ ಲೆಕ್ಕದ್ದು. ನಿಮ್ಮ ಲಿಥಿಯಂ ಅರ್ಧ ಖಾಲಿಯಾದರೂ 13 ವೋಲ್ಟ್ ಆಸುಪಾಸಿನಲ್ಲೇ ನಿಂತಿರುತ್ತೆ. 12ಕ್ಕೆ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಬರಿದು. ಹಾಗಾಗಿ ಕಟ್-ಆಫ್ ನೆಚ್ಚಿಕೊಳ್ಳದೆ, ಕ್ಯಾಮೆರಾದಲ್ಲಿ ಟೈಮರ್ ಇದ್ದರೆ ಹಾಕಿ, ಜೊತೆಗೆ ಒಂದು ಸ್ವಿಚ್ ಮಂಚದ ಹತ್ತಿರ ಇರಲಿ.

ಎರಡೂ ಬ್ಯಾಟರಿಯ ಮೈನಸ್ ಚಾಸಿಗೆ ಸೇರಿದೆಯಾ ಅಂತ ಮಲ್ಟಿಮೀಟರ್ ಇಟ್ಟು ನೋಡಿಸಿ. ಸೇರಿಲ್ಲದಿದ್ದರೆ ಕೀ ಆನ್ ಆಗಿದ್ದು ಕ್ಯಾಮೆರಾಗೆ ತಿಳಿಯಲ್ಲ. ಇನ್ನು ಫ್ಯೂಸ್. ಅದು ಬ್ಯಾಟರಿ ಪಕ್ಕದಲ್ಲೇ ಇರಬೇಕು. ನಡುವೆ ಎಲ್ಲಾದರೂ ವೈರ್ ಉಜ್ಜಿ ಶಾರ್ಟ್ ಆದರೆ ಕಾಪಾಡೋದು ಅದೊಂದೇ. ಆ ವೈರ್ ಹೋಗೋದು ಮರದ ಹಲಗೆ ಕೆಳಗೆ, ನೀವು ಮಲಗೋದು ಅದರ ಮೇಲೆ. ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಒಪ್ಪಬೇಡಿ.

ಘಟ್ಟದ_ಹಾದಿ

ವೈರಿಂಗ್ ಅಣ್ಣ ಹೇಳಿದ್ದು ಸರಿ. ನಮ್ಮದೂ ಕ್ಯಾಂಪರ್, ಅದಕ್ಕೇ ಒಂದೆರಡು ಮಾತು. ಕಾರಿನವರು ಪಾರ್ಕಿಂಗ್ ಮೋಡ್‌ನಲ್ಲಿ ಶಾಕ್ ಸೆನ್ಸರ್ ಜೋರಾಗಿ ಇಡುತ್ತಾರೆ. ನಮ್ಮಲ್ಲಿ ಮಗ್ಗುಲು ಬದಲಿಸಿದರೂ ಗಾಡಿ ಅಲುಗುತ್ತೆ. ಪ್ರತಿ ಸಲ ಒಂದು ಫೈಲ್ ತಾನಾಗಿ ಅಳಿಸದ ಹಾಗೆ ಲಾಕ್ ಆಗಿ ಕಾರ್ಡ್ ತುಂಬಿಹೋಗುತ್ತೆ. ಮಲಗುವ ಮುಂಚೆ ಸೆನ್ಸರ್ ಕನಿಷ್ಠಕ್ಕಿಳಿಸಿ, ಟೈಮ್‌ಲ್ಯಾಪ್ಸ್ (ಸ್ವಲ್ಪ ಸ್ವಲ್ಪ ಹೊತ್ತಿಗೊಂದು ಚಿತ್ರ ತೆಗೆಯೋದು) ಹಾಕಿ. ಮೈಕ್ ಕೂಡ ಆಫ್ ಮಾಡಿ, ಮನೆಯ ಮಾತು ಕಾರ್ಡಿಗೇಕೆ?

ಹಿಂದೆ ನಂಬರ್ ಪ್ಲೇಟ್‌ನ ಮೇಲ್ಗಡೆ ವಾಟರ್‌ಪ್ರೂಫ್ ಕ್ಯಾಮೆರಾ ಹಾಕಿಸಿ. ಕೇಬಲ್ ಕೊಳ್ಳುವಾಗ ಗಾಡಿಯ ಉದ್ದ ಅಳೆದರೆ ಸಾಲದು. ಅದು ಕಂಬ ಹತ್ತಿ, ಚಾವಣಿ ದಾಟಿ, ಕಪಾಟು ಸುತ್ತಿ ಇಳಿಯುತ್ತೆ. ಸುಮ್ನೆ ಒಂದು ದಾರ ಹಿಡಿದು ಅಳೆದು ನೋಡಿ. ಮುಂದಿನದು ವೈಪರ್ ಒರೆಸೋ ಜಾಗದಲ್ಲಿರಲಿ, ಫಾಸ್ಟ್ಯಾಗ್ ಮುಚ್ಚಬಾರದು. ಬಿಸಿಲಲ್ಲಿ ನಿಲ್ಲಿಸೋ ಗಾಡಿ, ಅದಕ್ಕೆ ತನ್ನೊಳಗೆ ಪುಟ್ಟ ಬ್ಯಾಟರಿ ಬದಲು ಬಿಸಿ ತಡೆಯೋ ಸೂಪರ್ ಕೆಪಾಸಿಟರ್ ಇರೋ ಕ್ಯಾಮೆರಾ ತಗೊಳ್ಳಿ. ಕಾರ್ಡ್ ಹೈ ಎಂಡ್ಯೂರೆನ್ಸ್ (ಸದಾ ಬರೆದು ಅಳಿಸಿದರೂ ತಾಳೋದು) ಇರಲಿ.

ಬನಶಂಕರಿ_ಗಾಡಿಮನೆ

ತುಂಬಾ ಉಪಕಾರ ಆಯಿತು. ಮಗ್ಗುಲು ಬದಲಿಸಿದರೆ ಫೈಲ್ ಲಾಕ್ ಆಗೋದು ನನ್ನ ತಲೆಗೇ ಹೊಳೆದಿರಲಿಲ್ಲ. ಕಾರ್ಡ್ ಎಷ್ಟು ಜಿಬಿ ಬೇಕು? ಪೊಲೀಸರ ತನಕ ಹೋದರೆ ವಿಡಿಯೋ ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಸಾಕಾ?

ಘಟ್ಟದ_ಹಾದಿ

ಸೆಕೆಂಡಿಗೆ 25 ಮೆಗಾಬಿಟ್ ಬರೆಯೋ ಕ್ಯಾಮೆರಾಗೆ ಗಂಟೆಗೆ ಸುಮಾರು 11 ಜಿಬಿ ಹಿಡಿಯುತ್ತೆ. ನಿಮಗೆ ಎರಡು ಕ್ಯಾಮೆರಾ, ಅದಕ್ಕೆ 256 ಜಿಬಿ ಹಾಕಿ. ವಾಟ್ಸ್ಯಾಪ್ ವಿಡಿಯೋವನ್ನು ಕುಗ್ಗಿಸಿಬಿಡುತ್ತೆ, ಅದನ್ನೇ ನಂಬಿ ಕೂರಬೇಡಿ. ಏನಾದರೂ ಆದ ಕೂಡಲೇ ಕಾರ್ಡ್ ಹೊರಗೆ ತೆಗೆದು ಹಾಗೇ ಎತ್ತಿಡಿ, ಪೊಲೀಸರಿಗೆ ಕಾಪಿ ಕೊಡಿ. ಕೋರ್ಟಿಗೆ ಕಾಪಿ ಹೋಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು. 2024ರ ಜುಲೈ 1ಕ್ಕೆ ಮುಂಚೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಅಂತಿದ್ದರಲ್ಲ, ಅದರ ಜಾಗದಲ್ಲಿ ಬಂದಿದ್ದು. ವಕೀಲರು ಮಾಡಿಸಿಕೊಡುತ್ತಾರೆ. ಕ್ಯಾಮೆರಾದ ತಾರೀಕು, ಟೈಮ್ ಮಾತ್ರ ಇವತ್ತೇ ಸರಿ ಮಾಡಿಡಿ.